ಅವ್ವನ ಸುಣ್ಣದ ಡಬ್ಬಿ



ನಮ್ಮೂರು ನೀಲಗುಂದ, ಹರಪನಹಳ್ಳಿ ತಾಲ್ಲೂಕು. ಜಿಲ್ಲೆ ಯಾವುದೆಂದು ಕೇಳಿದರೆ ಹೇಳುವವರ ವಯಸ್ಸಿನ ಮೇಲೆ ಉತ್ತರ ಬೇರೆಯಾಗುತ್ತದೆ. ನಮ್ಮ ಅವ್ವ ಇವತ್ತಿಗೂ ಬಳ್ಳಾರಿ ಎನ್ನುತ್ತಾಳೆ. 1997ರಲ್ಲಿ ನಾವು ದಾವಣಗೆರೆ ಜಿಲ್ಲೆಗೆ ಸೇರಿದೆವು, 2018ರಲ್ಲಿ ಮರಳಿ ಬಳ್ಳಾರಿಗೆ ಬಂದೆವು, 2021ರಿಂದ ವಿಜಯನಗರ ಜಿಲ್ಲೆಯವರು. ಊರು ಮಾತ್ರ ಇದ್ದ ಜಾಗ ಬಿಟ್ಟು ಅಲುಗಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಭೀಮೇಶ್ವರ ಗುಡಿ ತನ್ನ ಬಳಪದ ಕಲ್ಲಿನ ಕುಸುರಿಯನ್ನೆಲ್ಲ ಹೊತ್ತುಕೊಂಡು ಹಾಗೆಯೇ ನಿಂತಿದೆ. ಮದರಾಸು ಕಡೆಯ ಪುರಾತತ್ವ ಇಲಾಖೆಯಲ್ಲಿದ್ದ ಅಲೆಕ್ಸಾಂಡರ್ ರೀ 1896ರಲ್ಲಿ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಪುಸ್ತಕ ತಂದಾಗ ನಮ್ಮ ಸೀಮೆಯ ಗುಡಿಗಳ ನಕ್ಷೆ, ಚಿತ್ರಗಳು ಅದರಲ್ಲಿ ಅಚ್ಚಾದವು. ಹಾಗಾಗಿ ನಮ್ಮ ಕಡೆಯ ಕಲ್ಲು ನೂರು ವರ್ಷಕ್ಕೂ ಹಿಂದೆಯೇ ಚಿತ್ರವಾಗಿ ಸಮುದ್ರ ದಾಟಿ ಹೋಗಿತ್ತು.

ಸಮುದ್ರದ ಆಚೆಯಿಂದ ಒಂದು ಜೀವ ನಮ್ಮ ಮನೆಗೆ ಬಂದು, ನಮ್ಮ ಪಡಸಾಲೆಯಲ್ಲಿ ಐದು ರಾತ್ರಿ ಮಲಗಿ, ನಮ್ಮ ಒಲೆಯ ಮುಂದೆ ಕೂತು ಎದ್ದು ಹೋದದ್ದು 2024ರ ದೀಪಾವಳಿಯಲ್ಲಿ. ಆ ಐದು ದಿನದ ಮಾತನ್ನು ನಿಮಗೆ ಹೇಳಬೇಕೆಂದು ಬಂದಿದ್ದೇನೆ.

ನನ್ನ ತಮ್ಮ ದಾವಣಗೆರೆಯಲ್ಲಿದ್ದಾನೆ. ಅವನ ಮಗಳು ರೋಟರಿಯ ಯುವ ವಿನಿಮಯ ಯೋಜನೆಯಲ್ಲಿ ಒಂದು ವರ್ಷದ ಮಟ್ಟಿಗೆ ಮೆಕ್ಸಿಕೋ ದೇಶಕ್ಕೆ ಹೋಗಿದ್ದಳು. ಹದಿನಾರು ವರ್ಷದ ಹುಡುಗಿ. ಹಾಗೆಯೇ ಅಲ್ಲಿಂದ ಒಬ್ಬ ಹುಡುಗಿ ಇಲ್ಲಿಗೆ ಬಂದಳು. ಈ ಯೋಜನೆಯಲ್ಲಿ ಮಕ್ಕಳು ಹಾಸ್ಟೆಲಿನಲ್ಲಿ ಇರುವುದಿಲ್ಲ, ಮನೆಗಳಲ್ಲಿ ಇರುತ್ತಾರೆ. ಒಂದು ವರ್ಷದಲ್ಲಿ ಎರಡು ಮೂರು ಮನೆ ಬದಲಾಗುತ್ತದೆ. ಮನೆಯವರನ್ನು ಸಾಮಾನ್ಯವಾಗಿ ಅಪ್ಪ, ಅಮ್ಮ ಎಂದೇ ಕರೆಯುತ್ತಾರೆ, ಮನೆಯ ಕಟ್ಟುಪಾಡಿಗೆ ನಡೆಯಬೇಕು, ಊರಿನ ಶಾಲೆ ಕಾಲೇಜಿಗೆ ಹೋಗಬೇಕು. ನಮ್ಮ ಮನೆಗೆ ಬಂದ ಹುಡುಗಿ ಒಂದು ನೀಲಿ ಕೋಟು ತಂದಿದ್ದಳು. ಅದರ ತುಂಬ ಚಿಕ್ಕ ಚಿಕ್ಕ ಬಿಲ್ಲೆಗಳು. ಬೇರೆ ಬೇರೆ ದೇಶದಿಂದ ಬಂದ ವಿನಿಮಯದ ಮಕ್ಕಳು ಒಬ್ಬರಿಗೊಬ್ಬರು ಸಿಕ್ಕಾಗ ಬಿಲ್ಲೆ ಬದಲಾಯಿಸಿಕೊಂಡು ಕೋಟಿಗೆ ಚುಚ್ಚಿಕೊಳ್ಳುವುದು ರೂಢಿಯಂತೆ. ಅವಳ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಅವಳಿನ್ನೂ ಚಿಕ್ಕವಳು, ರೇಡಿಯೋದಲ್ಲಿ ಹೆಸರು ಹೇಳಲೇ ಎಂದು ಅವಳ ತಾಯಿಯನ್ನು ನಾನು ಕೇಳಿಲ್ಲ.

ಅವಳ ಊರು ಮೆಕ್ಸಿಕೋ ದೇಶದ ದಕ್ಷಿಣದ ವಹಾಕಾ. ಬರೆಯುವಾಗ ಇಂಗ್ಲಿಷಿನ ಓ ಅಕ್ಷರದಿಂದ ಶುರುವಾಗುತ್ತದೆ, ಅನ್ನುವಾಗ ವಹಾಕಾ. ಮೊದಲ ದಿನವೇ ನಮ್ಮೆಲ್ಲರ ಬಾಯಲ್ಲಿ ಅದನ್ನು ಮೂರು ಸಲ ಹೇಳಿಸಿ ತಿದ್ದಿದಳು. ನಾನು ಮೂವತ್ತು ವರ್ಷ ಮಕ್ಕಳ ಉಚ್ಚಾರ ತಿದ್ದಿದವಳು, ಆಕೆ ತಿದ್ದಿದ ರೀತಿ ನನಗೆ ಬಹಳ ಹಿಡಿಸಿತು.

ಆ ಸಲ ಹಬ್ಬದ ಕೂಟ ಚೆನ್ನಾಗಿ ಬಂದಿತ್ತು. ಅಕ್ಟೋಬರ್ 31 ನರಕ ಚತುರ್ದಶಿ, ನವೆಂಬರ್ 1 ರಾಜ್ಯೋತ್ಸವ ಮತ್ತು ಅಮಾವಾಸ್ಯೆ, 2ಕ್ಕೆ ಪಾಡ್ಯ, 3 ಭಾನುವಾರ. ತಮ್ಮ ಬುಧವಾರ ಸಂಜೆ, ನೀರು ತುಂಬುವ ಹಬ್ಬದ ಹೊತ್ತಿಗೆ, ಅವಳನ್ನು ಕರೆದುಕೊಂಡು ಊರಿಗೆ ಬಂದ. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ನಾನು. ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಹಂಡೆಯ ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ ನೀರು ತುಂಬುತ್ತಿದ್ದೆವು. ಅವಳು ಚೀಲ ಇಳಿಸಿ, ಚಪ್ಪಲಿ ಬಿಟ್ಟು, ನೇರವಾಗಿ ಕೊಡದ ಕಡೆಗೆ ಕೈ ಚಾಚಿದಳು. ಅತ್ತಿಗೆ ಅಡ್ಡ ಬಂದಳು.

"ಬ್ಯಾಡವ್ವ ಬ್ಯಾಡ. ನೀನು ಕುಂದ್ರು. ಮನೆಗೆ ಬಂದಾಕಿ ಕೆಲಸ ಮಾಡಬಾರ್ದು."

ಅವಳನ್ನು ಕುರ್ಚಿಯ ಮೇಲೆ ಕೂರಿಸಿದೆವು. ಬಾಟಲಿ ನೀರು ಕೊಟ್ಟೆವು. ಬೀದಿಯ ಮಕ್ಕಳೆಲ್ಲ ಬಂದು ಸುತ್ತ ನಿಂತರು. ಮರುದಿನ ಎಣ್ಣೆನೀರು ಆದ ಮೇಲೆ ತಮ್ಮ ಕಾರು ಹೊರಡಿಸಿ ಬಾಗಳಿಯ ಕಲ್ಲೇಶ್ವರ ಗುಡಿ, ಅಲ್ಲಿಂದ ಹಡಗಲಿ ತಾಲ್ಲೂಕಿನ ಕುರುವತ್ತಿ, ತುಂಗಭದ್ರೆಯ ದಂಡೆ ಎಂದು ಸುತ್ತಿಸಿದ. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಮದನಿಕೆಯರನ್ನು ಅವಳು ಕತ್ತೆತ್ತಿ ನೋಡಿದಳು, ಫೋಟೋ ತೆಗೆದಳು, ಚೆನ್ನಾಗಿದೆ ಎಂದಳು. ಕಳೆದ ಮೂರು ತಿಂಗಳಲ್ಲಿ ಅವಳು ಕಲಿತ ಕನ್ನಡದಲ್ಲಿ ಮೊದಲಿನ ಪದಗಳು ಮೂರು: ಚೆನ್ನಾಗಿದೆ, ಬೇಡ, ಸಾಕು. ನಮ್ಮ ನಾಡಿಗೆ ಬಂದ ಅತಿಥಿ ಬದುಕಬೇಕಾದರೆ ಈ ಮೂರೂ ಬೇಕು. ಆದರೆ ಇವು ಮೂರೂ ಮಾತು ಮುಗಿಸುವ ಪದಗಳು, ಮಾತು ಶುರು ಮಾಡುವ ಪದಗಳಲ್ಲ. ಅದು ನನಗೆ ಆ ರಾತ್ರಿ ಹೊಳೆಯಿತು.

ಆ ರಾತ್ರಿ ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕೂತು ಅಳುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಊರ ನೆನಪೇ ಎಂದು ಕೇಳಿದೆ. ಅವಳು ಇಂಗ್ಲಿಷು ಕನ್ನಡ ಕೂಡಿಸಿ ಹೇಳಿದ್ದು ಇಷ್ಟು: ಅತ್ತೆ, ಹಂಪಿಗೆ ಎರಡು ಸಲ ಹೋಗಿ ಬಂದೆ, ಮೈಸೂರು ಆಯಿತು, ನಾಳೆ ಎಲ್ಲಿಗೂ ಬೇಡ. ನನ್ನ ದೇಶದಲ್ಲಿ ನಾಳೆ ನಾಡಿದ್ದು ದೊಡ್ಡ ಹಬ್ಬ. ನಾನು ಮನೆಯಲ್ಲಿ ಇರಬೇಕು. ಮನೆಯ ಒಳಗೆ.

ಒಳಗೆ ಎಂಬ ಮಾತನ್ನು ಅವಳು ಕೈಯಿಂದ ಅಡಿಗೆಮನೆಯ ಕಡೆ ತೋರಿಸಿ ಹೇಳಿದಳು. ನಮ್ಮ ಸೀಮೆ ಬಂದವರಿಗೆ ಅನ್ನ ಇಕ್ಕುವುದರಲ್ಲಿ ಹಿಂದೆ ಬಿದ್ದದ್ದಲ್ಲ. ಕೊಟ್ಟೂರು ತೇರಿಗೆ ಹೋಗುವ ಪಾದಯಾತ್ರೆಯವರಿಗೆ ದಾರಿಯುದ್ದಕ್ಕೂ ಊಟ ಕೊಡುವ ಜನ ನಾವು. ಆದರೂ ಇಕ್ಕುವ ಕೈ ನಮ್ಮದೇ ಆಗಿರಬೇಕು, ಬಂದವರು ಪಡಸಾಲೆಯಲ್ಲೇ ಇರಬೇಕು ಎಂಬ ಪದ್ಧತಿಯೊಂದು ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆ ಹುಡುಗಿಗೆ ಬೇಕಾಗಿದ್ದದ್ದು ಪಡಸಾಲೆ ದಾಟುವ ಅನುಮತಿ. ಅದನ್ನು ನಾವು ಎರಡು ದಿನ ತಡ ಮಾಡಿದ್ದೆವು.

ಬೆಳಿಗ್ಗೆ ಎದ್ದವಳೇ ಅವಳು ಅಂಗಳದಲ್ಲಿ ಹರಡಿದ್ದ ಮೆಕ್ಕೆಜೋಳದ ರಾಶಿಯ ಮುಂದೆ ಕೂತಳು. ಆ ಅಕ್ಟೋಬರಿನಲ್ಲಿ ಮಳೆ ಬಿಡುವು ಕೊಟ್ಟಿರಲಿಲ್ಲ, ಬಿಸಿಲು ಕಂಡ ಕೂಡಲೇ ತೆನೆ ಒಣಹಾಕುತ್ತಿದ್ದೆವು. ಒಂದು ತೆನೆ ಕೈಗೆತ್ತಿ ಕಾಳು ಬಿಡಿಸಿ, ಹಲ್ಲಿನಲ್ಲಿ ಕಚ್ಚಿ ನೋಡಿ ಅಣ್ಣನನ್ನು ಕೇಳಿದಳು: ಇಷ್ಟೊಂದು ಬೆಳೆಯುತ್ತೀರಿ, ನಿಮ್ಮ ಊಟದಲ್ಲಿ ಎರಡು ದಿನದಿಂದ ಇದು ಕಾಣಲಿಲ್ಲವಲ್ಲ?

ಅಣ್ಣ ಹೇಳಿದ, "ಇದು ತಿನ್ನಾಕಲ್ಲವ್ವ. ಕೋಳಿಗೆ. ಲಾರಿ ಬಂದು ತುಂಬ್ಕಂಡು ಹೋಗುತ್ತೆ."

ಇದು ನಿಜ. ನಮ್ಮ ಹರಪನಹಳ್ಳಿ ಕಡೆ ಈಗ ಹೊಲದ ತುಂಬ ಮೆಕ್ಕೆಜೋಳ. ನಾನು ಚಿಕ್ಕವಳಿದ್ದಾಗ ಬಿಳಿಜೋಳ, ಸಜ್ಜೆ, ನವಣೆ, ಶೇಂಗಾ ಇದ್ದ ಹೊಲಗಳವು. ಕೋಳಿಯ ಆಹಾರಕ್ಕೆ, ಪಿಷ್ಟ ತೆಗೆಯುವ ಗಿರಣಿಗೆ ಹೋಗುವ ಬೆಳೆ ಇದು. ಎಳೆ ತೆನೆ ಸುಟ್ಟು ತಿನ್ನುವುದು ಬಿಟ್ಟರೆ ನಮ್ಮ ಒಲೆಗೂ ಅದಕ್ಕೂ ನಂಟಿಲ್ಲ. ಅವಳ ಮುಖ ನೋಡಿದೆ. ತಮ್ಮ ಮನೆಯ ಹಿರಿಯರನ್ನು ಬೇರೆಯವರು ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದನ್ನು ಕಂಡವರ ಹಾಗೆ ಕೂತಿದ್ದಳು.

ಯಾಕೆಂದರೆ ಆ ಕಾಳು ಹುಟ್ಟಿದ್ದೇ ಅವಳ ದೇಶದಲ್ಲಿ. ಸುಮಾರು ಒಂಬತ್ತು ಸಾವಿರ ವರ್ಷದ ಹಿಂದೆ ಮೆಕ್ಸಿಕೋದ ನೈಋತ್ಯ ಭಾಗದ ಜನ ತೆಯೋಸಿಂತೆ ಎಂಬ ಕಾಡುಹುಲ್ಲನ್ನು ಪಳಗಿಸಿ ಮೆಕ್ಕೆಜೋಳ ಮಾಡಿದರು. ಅವಳದೇ ವಹಾಕಾದ ಗಿಲಾ ನಾಕಿಟ್ಸ್ ಎಂಬ ಗವಿಯಲ್ಲಿ ಆರು ಸಾವಿರ ವರ್ಷಕ್ಕೂ ಹಳೆಯ ದಿಂಡುಗಳು ಸಿಕ್ಕಿವೆ. ಅಲ್ಲಿಂದ ಅದು ಸ್ಪೇನ್, ಪೋರ್ಚುಗಲ್ ಹಡಗಿನವರ ಕೈಯಲ್ಲಿ ಲೋಕ ಸುತ್ತಿತು. ನಮ್ಮಲ್ಲಿಗೆ ಬಂದಾಗ ಮೆಕ್ಕೆಜೋಳ ಎಂದೆವು, ಗೋವಿನಜೋಳ ಎಂದೆವು, ಮೈಸೂರಿನ ಕಡೆಯವರು ಮುಸುಕಿನ ಜೋಳ ಎಂದರು. ಮೂರು ಹೆಸರಿನಲ್ಲೂ ಜೋಳ ಇದೆ. ಹೊರಗಿನಿಂದ ಬಂದದ್ದಕ್ಕೆ ಮನೆಯ ಹಳೆಯ ಕಾಳಿನ ಹೆಸರಿಟ್ಟು ಒಳಗೆ ಸೇರಿಸಿಕೊಂಡೆವು. ಮೆಣಸಿಗೆ ಕಾಯಿ ಸೇರಿಸಿ ಮೆಣಸಿನಕಾಯಿ ಎಂದೆವಲ್ಲ, ಅದೂ ಅಲ್ಲಿಂದಲೇ ಬಂದದ್ದು. ಟಮಾಟೆ ಅಲ್ಲಿಂದ, ಶೇಂಗಾ ಅದಕ್ಕೂ ಕೆಳಗಿನ ದಕ್ಷಿಣ ಅಮೆರಿಕದಿಂದ. ಇವೆಲ್ಲ ಬಾರದೆ ಇದ್ದಿದ್ದರೆ ನಮ್ಮ ರೊಟ್ಟಿಗೆ ಶೇಂಗಾ ಹಿಂಡಿಯೂ ಇಲ್ಲ, ಮೆಣಸಿನಕಾಯಿ ಚಟ್ನಿಯೂ ಇಲ್ಲ.

ಅವ್ವ ಆಗ ಬಾಗಿಲ ಬಳಿ ಕೂತು ಎಲೆ ಹಾಕಿಕೊಳ್ಳುತ್ತಿದ್ದಳು. ಎಲೆಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು, ಬೆರಳ ತುದಿಯಲ್ಲಿ ಸುಣ್ಣ ತೆಗೆದು ಎಲೆಯ ಬೆನ್ನಿಗೆ ಸವರಿದಳು. ಹುಡುಗಿ ಅದನ್ನು ನೋಡಿ ಎದ್ದು ಬಂದಳು. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದಳು. "ಕಾಲ್!" ಎಂದು ಕೂಗಿದಳು. ಅವರ ಸ್ಪ್ಯಾನಿಷ್ ಭಾಷೆಯಲ್ಲಿ ಸುಣ್ಣಕ್ಕೆ ಹಾಗೆನ್ನುತ್ತಾರೆ. ಆಮೇಲೆ ಒಂದು ಕೈಯಲ್ಲಿ ಸುಣ್ಣದ ಡಬ್ಬಿ, ಇನ್ನೊಂದು ಕೈಯಲ್ಲಿ ಮೆಕ್ಕೆಜೋಳದ ಕಾಳು ಹಿಡಿದು ನನ್ನ ಮುಂದೆ ನಿಂತಳು. ಎರಡನ್ನೂ ಕೂಡಿಸಿ ಬೇಯಿಸಬೇಕಂತೆ.

ಅತ್ತಿಗೆಗೆ ದಿಗಿಲಾಯಿತು. ಊಟದ ಪದಾರ್ಥಕ್ಕೆ ಸುಣ್ಣವೇ? ಹೊಟ್ಟೆ ಸುಟ್ಟುಹೋದರೆ? ಹುಡುಗಿಯ ತಾಯಿತಂದೆಗೆ ಯಾರು ಉತ್ತರ ಹೇಳಬೇಕು? ತೀರ್ಮಾನ ಕೊಟ್ಟವಳು ಅವ್ವ. "ಅರವತ್ತು ವರ್ಷದಿಂದ ದಿನಾ ತಿಂತಾ ಇದ್ದೀನಿ, ನನ್ನ ಹೊಟ್ಟಿ ಸುಟ್ಟೈತೇನು? ಮಾಡ್ಲಿ ಬಿಡು. ಬಾರೇ ಮೆಕ್ಕವ್ವ, ಒಲಿ ಹಚ್ಚು." ಆ ಹೊತ್ತಿನಿಂದ ಅವಳ ಹೆಸರು ನಮ್ಮ ಬೀದಿಯಲ್ಲಿ ಮೆಕ್ಕವ್ವ ಎಂದೇ ಆಯಿತು. ಅವಳು ಒಲೆಯ ಮುಂದೆ ಕೂತದ್ದೂ ಆ ಹೊತ್ತಿನಿಂದಲೇ.

ಅವಳು ಮಾಡಿದ ಬಗೆ ಹೇಳುತ್ತೇನೆ. ಒಣಗಿದ ಹಳೆಯ ಕಾಳು ಒಂದು ಕೆಜಿ, ಅದರ ಮೂರರಷ್ಟು ನೀರು, ಒಂದು ದೊಡ್ಡ ಚಮಚ ಸುಣ್ಣ. ಗೋಡೆಗೆ ಬಳಿಯುವ ಸುಣ್ಣವಲ್ಲ, ಎಲೆಗೆ ಹಚ್ಚುವ ಶುದ್ಧ ಸುಣ್ಣ. ಕಾಳೂ ಅಷ್ಟೆ, ಬಿತ್ತನೆಗೆಂದು ಔಷಧ ಸವರಿ ಬಣ್ಣ ಹಚ್ಚಿದ ಬೀಜವನ್ನು ಮುಟ್ಟಲೂ ಬಾರದು, ನಮ್ಮ ಹೊಲದ್ದೇ ಕಾಳು ಆಗಬೇಕು. ಮುಕ್ಕಾಲು ಗಂಟೆ ಕುದಿಸಿ, ಒಂದು ಕಾಳು ತೆಗೆದು ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಬೇಕು. ಆಗ ಒಲೆಯಿಂದ ಇಳಿಸಿ ರಾತ್ರಿಯಿಡೀ ಹಾಗೇ ಬಿಡಬೇಕು. ಬೆಳಿಗ್ಗೆ ಹಳದಿ ನೀರು ಚೆಲ್ಲಿ, ಮೂರು ನೀರಿನಲ್ಲಿ ತೊಳೆದು, ರುಬ್ಬಬೇಕು. ಕುದಿಯುವಾಗ ಮನೆಯಲ್ಲೆಲ್ಲ ಒಂದು ವಾಸನೆ ಎದ್ದಿತು. "ದೀಪಾವಳಿಗೆ ಗೋಡೆ ಬಳಿದಂಗೈತೆ" ಎಂದಳು ಅವ್ವ. ಸರಿಯಾದ ಮಾತು. ಸುಣ್ಣ ಬಳಿದು ಇನ್ನೂ ಆರದ ಗೋಡೆಯ ತಂಪು ವಾಸನೆ ಅದು.

ಈ ಸುಣ್ಣದ ಹಿಂದೆ ಒಂದು ದೊಡ್ಡ ಕಥೆಯಿದೆ, ಅದನ್ನು ಅವಳಿಂದ ಅರ್ಧ ಕೇಳಿ ಉಳಿದರ್ಧ ಆಮೇಲೆ ಓದಿ ತಿಳಿದುಕೊಂಡೆ. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವ ಇದೆ, ಆದರೆ ಅದು ನಮ್ಮ ಹೊಟ್ಟೆಗೆ ಸಿಗದ ಹಾಗೆ ಕಾಳಿನಲ್ಲಿ ಬಿಗಿದುಕೊಂಡಿರುತ್ತದೆ. ಸುಣ್ಣದ ನೀರಿನಲ್ಲಿ ಬೇಯಿಸಿದರೆ ಬಿಡುಗಡೆಯಾಗುತ್ತದೆ. ಮೆಕ್ಸಿಕೋದ ಹೆಂಗಸರು ಸಾವಿರಾರು ವರ್ಷದಿಂದ ಇದನ್ನು ಮಾಡುತ್ತ ಬಂದವರು. ಹಾಗೆ ಬೆಂದ ಕಾಳಿಗೆ ನಿಶ್ತಮಾಲ್ ಎಂದು ಹೆಸರು. ಯುರೋಪಿನವರು ಬೀಜ ಒಯ್ದರು, ಬಿತ್ತಿದರು, ರಾಶಿ ರಾಶಿ ಬೆಳೆದರು, ಬಡವರೆಲ್ಲ ಅದನ್ನೇ ಹಿಟ್ಟು ಮಾಡಿ ಗಂಜಿ ಕಾಯಿಸಿ ಕುಡಿದರು. ಸುಣ್ಣ ಹಾಕಲಿಲ್ಲ. ಹಾಕಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲ ಕಳೆದಂತೆ ಚರ್ಮ ಒಡೆದು, ಭೇದಿ ಹತ್ತಿ, ಬುದ್ಧಿ ಕಲಕಿ ಜನ ಸಾಯತೊಡಗಿದರು. 1735ರಲ್ಲಿ ಸ್ಪೇನಿನ ಗಾಸ್ಪಾರ್ ಕಸಾಲ್ ಎಂಬ ವೈದ್ಯ ಆ ರೋಗವನ್ನು ಗುರುತಿಸಿ ಬರೆದ. ಇಟಲಿಯವರು ಅದಕ್ಕೆ ಪೆಲ್ಲಾಗ್ರ ಎಂದು ಹೆಸರಿಟ್ಟರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರನ್ನೂ ಅದು ಕಾಡಿತು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ ಅದು ಅಂಟುರೋಗವಲ್ಲ, ಊಟದ ಕೊರತೆ ಎಂದು ತೋರಿಸಿಕೊಡುವುದಕ್ಕೆ ವರ್ಷಗಟ್ಟಲೆ ಹೆಣಗಬೇಕಾಯಿತು.

ಬೀಜ ಹೋಯಿತು, ಅಡಿಗೆ ಹೋಗಲಿಲ್ಲ. ನನ್ನ ಮನಸ್ಸಿನಲ್ಲಿ ಈ ಮಾತು ಅವತ್ತಿನಿಂದ ಕೂತುಬಿಟ್ಟಿದೆ. ಬೀಜವನ್ನು ಹಡಗಿನ ಚೀಲದಲ್ಲಿ ಹಾಕಿ ಒಯ್ಯಬಹುದು. ಸುಣ್ಣ ಎಷ್ಟು, ಯಾವಾಗ, ಕಾಳು ಬೆರಳಿಗೆ ಹೇಗೆ ಜಾರಬೇಕು ಎಂಬುದನ್ನು ಚೀಲದಲ್ಲಿ ತುಂಬಲಾಗುವುದಿಲ್ಲ. ಅದಕ್ಕೆ ಯಾರಾದರೂ ಆ ಮನೆಯಲ್ಲಿ ಇದ್ದು, ಆ ಅಜ್ಜಿಯ ಪಕ್ಕ ಕೂತು, ತಪ್ಪು ಮಾಡಿ ಬೈಸಿಕೊಂಡು ಕಲಿತು ಬರಬೇಕು. ಹಡಗಿನವರು ಅಲ್ಲಿ ಚಿನ್ನ ನೋಡಿದರು, ನೆಲ ನೋಡಿದರು, ಗುಡಿ ನೋಡಿದರು. ಅಡಿಗೆಮನೆಯಲ್ಲಿ ಕೂರಲಿಲ್ಲ.

ಬೇರೆ ದೇಶದ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳುವ ಈ ಪದ್ಧತಿಯೂ ಹೀಗೆಯೇ ತಪ್ಪು ಮಾಡಿ ಕಲಿತು ಬೆಳೆದದ್ದು. 1932ರಲ್ಲಿ ಡೊನಾಲ್ಡ್ ವಾಟ್ ಎಂಬ ಅಮೆರಿಕದವರು ತಮ್ಮ ದೇಶದ ಹುಡುಗರನ್ನು ಯುರೋಪಿಗೆ ಕರೆದುಕೊಂಡು ಹೋಗಿ ಅಲ್ಲಿಯ ಹುಡುಗರ ಜೊತೆ ಶಿಬಿರದಲ್ಲಿ ಇರಿಸಿದರು. ಶಿಬಿರದಲ್ಲಿ ಹುಡುಗರು ತಮ್ಮ ತಮ್ಮವರ ಜೊತೆಯೇ ಗುಂಪಾದರು, ಬೆರೆಯಲಿಲ್ಲ. ಆಮೇಲೆ ಒಬ್ಬೊಬ್ಬರನ್ನು ಒಂದೊಂದು ಮನೆಗೆ ಬಿಟ್ಟರು. ಆ ಪ್ರಯೋಗದಲ್ಲಿ ಪಾಲ್ಗೊಂಡು ಬೆಳೆದ ಸಾರ್ಜೆಂಟ್ ಶ್ರೈವರ್ ಮುಂದೆ 1961ರಲ್ಲಿ ಅಮೆರಿಕ ಸರ್ಕಾರದ ಸ್ವಯಂಸೇವಕ ಸಂಸ್ಥೆ ಪೀಸ್ ಕೋರ್ ಶುರುವಾದಾಗ ಅದರ ಮೊದಲ ನಿರ್ದೇಶಕರಾದರು. ರೋಟರಿಯ ವಿನಿಮಯ 1927ರಲ್ಲಿ ಫ್ರಾನ್ಸಿನ ನೀಸ್ ಊರಿನ ಕ್ಲಬ್ಬಿನಿಂದ ಮೊದಲಾಯಿತು. ಎಎಫ್‌ಎಸ್ ಎಂಬ ಇನ್ನೊಂದು ಸಂಸ್ಥೆ ಇದೆ, ಭಾರತದಲ್ಲೂ ಕೆಲಸ ಮಾಡುತ್ತದೆ. ಅದು ಹುಟ್ಟಿದ್ದು ಮೊದಲ ಮಹಾಯುದ್ಧದ ಗಾಯಾಳುಗಳನ್ನು ಹೊರುವ ಆಂಬುಲೆನ್ಸ್ ಚಾಲಕರ ಕೂಟವಾಗಿ. ಎರಡನೆಯ ಯುದ್ಧವೂ ಮುಗಿದ ಮೇಲೆ, ಗಾಯಾಳುಗಳನ್ನು ಹೊತ್ತದ್ದು ಸಾಕು, ಮಕ್ಕಳು ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಬೆಳೆಯಲಿ ಎಂದು 1947ರಲ್ಲಿ ಶಾಲಾಮಕ್ಕಳ ವಿನಿಮಯ ಶುರು ಮಾಡಿದರು. ಗಾಯಾಳುಗಳನ್ನು ಹೊತ್ತ ಕೈಗಳಿಗೆ ತೋಚಿದ ದಾರಿ ಇದು ಎಂಬುದನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ.

ಅಮಾವಾಸ್ಯೆಯ ಸಂಜೆಗೆ ಬರುತ್ತೇನೆ. ಅವಳು ಹೇಳಿದ ದೊಡ್ಡ ಹಬ್ಬ ಎಂದರೆ ಸತ್ತವರ ಹಬ್ಬ. ನವೆಂಬರ್ 1 ಮತ್ತು 2ರಂದು ತೀರಿಕೊಂಡವರು ಮನೆಗೆ ಬಂದು ಹೋಗುತ್ತಾರೆಂದು ಅವರ ನಂಬಿಕೆ. ಮೊದಲ ದಿನ ಮಕ್ಕಳು, ಎರಡನೆಯ ದಿನ ದೊಡ್ಡವರು. ಅವರು ಬರುವ ದಾರಿಗೆ ಹೂವಿನ ಎಸಳು ಚೆಲ್ಲುತ್ತಾರೆ. ಯಾವ ಹೂ ಎಂದು ಕೇಳಿದೆ. ಅವಳು ನಮ್ಮ ಬುಟ್ಟಿಯಿಂದ ಚೆಂಡು ಹೂ ಎತ್ತಿ ತೋರಿಸಿದಳು. ದೀಪಾವಳಿಗೆಂದು ಅಣ್ಣ ಹರಪನಹಳ್ಳಿಯಿಂದ ತಂದ ಹೂ ಅದು. ಈ ಗಿಡವೂ ಮೆಕ್ಸಿಕೋದ್ದೇ. ನಮ್ಮ ಬಾಗಿಲ ತೋರಣಕ್ಕೆ, ಟ್ರ್ಯಾಕ್ಟರಿನ ಪೂಜೆಗೆ, ಪಾಡ್ಯದ ದಿನ ಸಗಣಿಯಲ್ಲಿ ಮಾಡುವ ಹಟ್ಟೆವ್ವನ ಮುಡಿಗೆ ಅದಿಲ್ಲದೆ ನಡೆಯುವುದಿಲ್ಲ. ಹೂ ಬಂದಿತ್ತು, ಅದರ ಕಥೆ ಅಲ್ಲೇ ಉಳಿದಿತ್ತು.

ಅವಳ ಅಜ್ಜ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರದೊಂದು ಚಿಕ್ಕ ಫೋಟೋ ಅವಳ ಪುಸ್ತಕದಲ್ಲಿತ್ತು. ಇಡಲು ಒಂದು ಮೂಲೆ ಕೇಳಿದಳು. ಲಕ್ಷ್ಮೀ ಪೂಜೆಯ ರಾತ್ರಿ ಹೊರಗಿನ ಸತ್ತವರ ಫೋಟೋ ಮನೆಯಲ್ಲಿ ಇಡುವುದು ಹೇಗೆಂದು ಪಕ್ಕದ ಮನೆಯವರೊಬ್ಬರು ಅನುಮಾನಿಸಿದರು. ನಮ್ಮ ಮನೆಯಲ್ಲಿ ಆ ದಿನ ಹಿರಿಯರಿಗೂ ಎಡೆ ಇಡುತ್ತೇವೆ. ಅವ್ವ ಮಾತಾಡದೆ ಎದ್ದು, ನಮ್ಮ ಅಪ್ಪನ ಫೋಟೋ ಇದ್ದ ಮಾಡದಲ್ಲಿ ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಇಬ್ಬರೂ ಜೋಡಿಯಾಗಿ ಕೂತರು. ಹುಡುಗಿ ಒಂದು ಲೋಟ ನೀರು, ಒಂದು ಚಿಟಿಕೆ ಉಪ್ಪು ಇಟ್ಟಳು. ದೂರದಿಂದ ಬಂದವರಿಗೆ ಬಾಯಾರಿಕೆ ಆಗಿರುತ್ತದಂತೆ. ಅವ್ವ ಇಬ್ಬರಿಗೂ ಹೋಳಿಗೆ ಇಟ್ಟಳು. ಅಪ್ಪನಿಗೆ ನೀರು ಇಡುವುದು ನಮಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಅಂದು ರಾತ್ರಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹತ್ತಿರದ ತಾಂಡಾಕ್ಕೆ ಕರೆದಿದ್ದಳು. ದೀಪಾವಳಿ ಅಮಾವಾಸ್ಯೆಯಲ್ಲಿ ಲಂಬಾಣಿ ತಾಂಡಾಗಳನ್ನು ನೋಡದವರು ನಮ್ಮ ಸೀಮೆಯನ್ನು ನೋಡಿದ್ದೇವೆ ಎನ್ನಬಾರದು. ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆ ಮನೆಗೆ ಹೋಗಿ ಹಾಡಿ ಹರಸುತ್ತಾರೆ. ಅದಕ್ಕೆ ಮೇರಾ ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಗುಂಪಾಗಿ ಹೊಲ ಅಡವಿ ಸುತ್ತಿ ಹೂ ತರುತ್ತಾರೆ. ನಮ್ಮ ಹುಡುಗಿಯ ಕೈಗೂ ಒಂದು ದೀಪ ಕೊಟ್ಟರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅವಳ ಜೊತೆಗೇ ನಡೆದಳು. ನಡುವೆ ಕೇಳಿದಳು, "ನಿಮ್ಮವ್ವ ಎಲ್ಲದಾಳೆ?" ನಾನು ಹೇಳಿಕೊಟ್ಟೆ, ಬಹಳ ದೂರ, ವಾರಕ್ಕೊಮ್ಮೆ ಫೋನು ಮಾಡುತ್ತಾಳೆ ಎಂದು. ಆ ಹುಡುಗಿ ಹೇಳಿದಳು, "ನಮ್ಮವ್ವಾನೂ ಹಂಗೇ ಟೀಚರ್. ಕಾಫಿ ಎಸ್ಟೇಟಿಗೆ ಹೋಗ್ಯಾಳೆ. ನಾನು ಅಜ್ಜಿ ಮನೇಲಿ."

ಈ ಮಾತು ಬಂದಾಗ ನನ್ನ ಕಾಲು ನಿಂತಿತು. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಂದ ಪ್ರತಿ ವರ್ಷ ಮಲೆನಾಡಿನ ಕಾಫಿ ತೋಟಕ್ಕೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಜನ ಗುಳೆ ಹೋಗುತ್ತಾರೆ. ಮಕ್ಕಳು ಕಂಡವರ ಮನೆಯಲ್ಲಿ ಉಳಿಯುತ್ತಾರೆ. ಅವರ ಕೋಟಿಗೆ ಬಿಲ್ಲೆ ಚುಚ್ಚುವವರಿಲ್ಲ. ಅವರು ಮತ್ತೊಬ್ಬರ ಮನೆಯಲ್ಲಿ ಹೇಗೆ ಹೊಂದಿಕೊಂಡರು, ಏನು ಕಲಿತರು ಎಂದು ಯಾರೂ ವೇದಿಕೆಗೆ ಕರೆದು ಕೇಳುವುದಿಲ್ಲ. ನಮ್ಮ ಹಿರಿಯರಲ್ಲಿ ವಾರಾನ್ನ ಉಂಡು ಓದಿದವರಿದ್ದರು, ಮಠಗಳ ಪ್ರಸಾದ ನಿಲಯದಲ್ಲಿ ಬೆಳೆದವರಿದ್ದರು. ಪರರ ಮನೆಯ ಅನ್ನ ಈ ನಾಡಿನ ಎಷ್ಟೋ ವಿದ್ಯಾವಂತರನ್ನು ಮಾಡಿದೆ. ವಿದೇಶಕ್ಕೆ ಹೋಗುವ ಮಕ್ಕಳು ಹೋಗಲಿ, ತಮ್ಮನ ಮಗಳು, ನನ್ನ ಸೊಸೆಯೂ ಹೋಗಿ ಬಂದಿದ್ದಾಳೆ. ಆದರೆ ನಮ್ಮ ತಾಂಡಾದ ಹುಡುಗಿಯೊಬ್ಬಳು ದಸರಾ ರಜೆಯಲ್ಲಿ ಸುಳ್ಯದ ಒಂದು ಮನೆಯಲ್ಲಿ, ಶಿರಸಿಯ ಒಂದು ಮನೆಯಲ್ಲಿ ಹದಿನೈದು ದಿನ ಮಗಳಾಗಿ ಇದ್ದು ಬರಬಾರದೇ? ಅಲ್ಲಿಯ ಮಗು ಇಲ್ಲಿ ಬಂದು ಜೋಳದ ರೊಟ್ಟಿ ಬಡಿಯಲು ಕಲಿಯಬಾರದೇ? ಇದಕ್ಕೆ ವಿಮಾನದ ಟಿಕೆಟ್ ಬೇಡ, ವೀಸಾ ಬೇಡ. ಬಾಗಿಲು ತೆರೆಯುವ ಎರಡು ಮನೆ ಸಾಕು. ಕೇಳುತ್ತಿರುವ ಶಿಕ್ಷಕರು, ಪಾಲಕರು ಇದನ್ನು ಯೋಚಿಸಿ ಎಂದು ಕೈಮುಗಿದು ಕೇಳುತ್ತೇನೆ.

ಪಾಡ್ಯದ ಬೆಳಿಗ್ಗೆ ಆರೂವರೆಗೆ ಫೋನು ಬಂತು. ವಹಾಕಾದಿಂದ ಸೊಸೆ. ಅಲ್ಲಿ ಆಗ ಹಿಂದಿನ ಸಂಜೆ ಏಳು ಗಂಟೆ. ಅವಳು ತನ್ನನ್ನು ಇಟ್ಟುಕೊಂಡ ಮನೆಯವರ ಜೊತೆ ಸ್ಮಶಾನದಲ್ಲಿ ಕೂತಿದ್ದಳು. ಸಮಾಧಿಗಳ ಮೇಲೆಲ್ಲ ಮೇಣದ ಬತ್ತಿ, ಚೆಂಡು ಹೂವಿನ ಗುಡ್ಡೆ, ಮಕ್ಕಳು ಓಡಾಡುತ್ತಿದ್ದರು, ಹಿರಿಯರು ಊಟ ಬಿಚ್ಚಿ ಕೂತಿದ್ದರು. "ಅತ್ತೆ, ಇಲ್ಲಿ ಸ್ಮಶಾನ ಅಂದ್ರೆ ಹೆದರಿಕೇನೇ ಆಗಲ್ಲ" ಎಂದಳು. ನಮ್ಮ ಅಂಗಳದಲ್ಲಿ ಅತ್ತಿಗೆ ಸಗಣಿಯ ಹಟ್ಟೆವ್ವನಿಗೆ ಅದೇ ಹೂ ಸಿಕ್ಕಿಸುತ್ತಿದ್ದಳು, ಉತ್ತರಾಣಿ ಕಡ್ಡಿ ಚುಚ್ಚುತ್ತಿದ್ದಳು. ಮೆಕ್ಕವ್ವ ಫೋನು ಕಸಿದುಕೊಂಡು ತನ್ನ ಭಾಷೆಯಲ್ಲಿ ಸೊಸೆಯ ಹತ್ತಿರ ಏನೇನೋ ಕೇಳಿದಳು, ಸೊಸೆ ಅದೇ ಭಾಷೆಯಲ್ಲಿ ಉತ್ತರ ಕೊಟ್ಟಳು. ನಮ್ಮ ಮಗು ಸ್ಪ್ಯಾನಿಷ್ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇವತ್ತು ಯಾಕೆ ಹಬ್ಬ ಎಂದು ಹುಡುಗಿ ಅವ್ವನನ್ನು ಕೇಳಿದಳು. ಬಲಿ ಚಕ್ರವರ್ತಿ ವರ್ಷಕ್ಕೊಂದು ಸಲ ತನ್ನ ಜನರನ್ನು ನೋಡಲು ಬರುವ ದಿನ ಎಂದು ನಾನು ತಿಳಿಸಿದೆ. ಅವಳು ಅವ್ವನ ಕೈ ಹಿಡಿದು ಸುಮ್ಮನೆ ಕೂತಳು.

ಅಂದೇ ಬೆಳಿಗ್ಗೆ, ಅಮಾವಾಸ್ಯೆಯ ದಿನ ಬೇಯಿಸಿ ಇಟ್ಟ ಕಾಳನ್ನು ತೊಳೆದು ರುಬ್ಬಿದೆವು. ಕರೆಂಟು ಇರಲಿಲ್ಲ, ಒರಳುಕಲ್ಲನ್ನೇ ತೊಳೆದೆವು. ಮೊದಲ ಹಿಟ್ಟು ತರಿತರಿಯಾಗಿ ರೊಟ್ಟಿ ಹರಿಯಿತು. ಅವ್ವ ಒರಳಿನ ಮುಂದೆ ತಾನೇ ಕೂತು ಮತ್ತೆ ತಿರುವಿದಳು. ನಮ್ಮ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಜಿಗಿ ಬರುತ್ತದೆ, ಇದಕ್ಕೆ ಸುಣ್ಣವೇ ಜಿಗಿ ತಂದಿತ್ತು. ಹುಡುಗಿ ಲಿಂಬೆಹಣ್ಣಿನಷ್ಟು ಉಂಡೆ ಮಾಡಿ, ಎರಡೂ ಅಂಗೈ ನಡುವೆ ತಟ್ಟಿ ತಟ್ಟಿ ತಿರುಗಿಸಿ ಅಗಲ ಮಾಡಿದಳು. ಅವ್ವ ಹಲಗೆಯ ಮೇಲೆ ಒಂದೇ ಕೈಯಲ್ಲಿ ಬಡಿದು ಅಗಲ ಮಾಡಿದಳು. ಒಂದೇ ಹೆಂಚಿನ ಮೇಲೆ ಎರಡೂ ಬೆಂದವು. ಹುಡುಗಿ ಶೇಂಗಾ ಹಿಂಡಿ ಹಚ್ಚಿ ಮಡಿಸಿ ಒಂದು ತುತ್ತು ತಿಂದಳು, ಬಾಯಿ ಮುಚ್ಚಿಕೊಂಡು ಕಣ್ಣು ತುಂಬಿಕೊಂಡಳು. ಅಣ್ಣ ನಾಲ್ಕು ತಿಂದ. ತನ್ನ ಹೊಲದ ಮೆಕ್ಕೆಜೋಳದ ರೊಟ್ಟಿಯನ್ನು ಅವನು ಅದುವರೆಗೆ ತಿಂದಿರಲಿಲ್ಲ.

ಭಾನುವಾರ ಸಂಜೆ ಅವಳು ತಾನಾಗಿಯೇ ಭೀಮೇಶ್ವರ ಗುಡಿಗೆ ಹೋಗೋಣ ಎಂದಳು. ಅವ್ವನ ಜೊತೆ ಹೋಗಿ, ಅವ್ವ ಹೊಸ್ತಿಲಿಗೆ ನೀರು ಹಾಕಿದರೆ ಇವಳು ರಂಗೋಲಿ ಎಳೆದಳು. ಆಗ ಫೋಟೋ ತೆಗೆಯಲಿಲ್ಲ. ಸೋಮವಾರ ತಮ್ಮನ ಜೊತೆ ದಾವಣಗೆರೆಗೆ ಹೊರಟಾಗ ಅವ್ವ ಅವಳ ಉಡಿಗೆ ಅಕ್ಕಿ, ಕೊಬ್ಬರಿ, ಒಂದು ರವಿಕೆ ಬಟ್ಟೆ ಹಾಕಿದಳು. ಹೆಣ್ಣುಮಕ್ಕಳು ತವರಿನಿಂದ ಹೊರಡುವಾಗ ಹಾಕುವ ಉಡಿ ಅದು.

ಮುಂದಿನ ಮಳೆಗಾಲದಲ್ಲಿ ಸೊಸೆ ಮರಳಿ ಬಂದಳು. ಆ ಹುಡುಗಿಯ ಅಜ್ಜಿಯ ಹಳ್ಳಿಗೂ ಹೋಗಿ ಬಂದಿದ್ದಳು. ಆ ಅಜ್ಜಿ ನಮ್ಮ ಅವ್ವನಿಗೆಂದು ಒಂದು ಕಸೂತಿ ಹಾಕಿದ ಚೌಕ ಕೊಟ್ಟು ಕಳಿಸಿದ್ದರು, ಬಿಸಿ ರೊಟ್ಟಿ ಸುತ್ತಿ ಇಡುವ ಬಟ್ಟೆ. ಅದು ಈಗ ನಮ್ಮ ರೊಟ್ಟಿ ಬುಟ್ಟಿಯ ಮೇಲಿದೆ. ಅಡಿಗೆಮನೆಯ ನಾಗಂದಿಗೆಯ ಮೇಲೆ ಎರಡನೆಯದೊಂದು ಸುಣ್ಣದ ಡಬ್ಬಿಯೂ ಇದೆ.

ಸೊಸೆ ಬಂದ ದಿನ ಅವ್ವ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲೆಗೆ ಸುಣ್ಣ ಹಚ್ಚುತ್ತ ವಿಚಾರಿಸಿದಳು.

"ಅವರಜ್ಜಿ ಮನೇಲಿ ಸುಣ್ಣ ಐತಲ್ಲ, ಎಲೆ ಹಾಕ್ಕಂತಾಳೇನು?"

"ಇಲ್ಲಜ್ಜಿ. ಅಲ್ಲಿ ಎಲೆ ಅಡಿಕೆ ಹಾಕೋದು ಗೊತ್ತೇ ಇಲ್ಲ."

ಅವ್ವ ಕೈಯಲ್ಲಿದ್ದ ಎಲೆಯನ್ನು ಮಡಚದೆ ಸ್ವಲ್ಪ ಹೊತ್ತು ನೋಡಿದಳು.

"ಸುಣ್ಣ ಇಟ್ಕಂಡು ಎಲೆ ಗೊತ್ತಿಲ್ಲಂದ್ರೆ ಹೆಂಗವ್ವ? ಯಾರಾದ್ರೂ ಹೋಗಿ, ಆಕಿ ಮಗ್ಗಲಿಗೆ ಕುಂತು ಹೇಳಿಕೊಡಬೇಕು."